ಕನ್ನಡದ ಹುಡುಗ ಸೋಮಾರಿ ಅಂದವರು ಯಾರು?

ಗೋಕಾಕ ಅಂದ ಕೂಡಲೇ ನಮ್ಮ ಓದುಗರಿಗೆ ನೆನಪಾಗುವುದು 1982ರ ಚಳವಳಿ. ಆ ಚಳವಳಿಗೆ ಹೆಸರು ಬಂದದ್ದು ಊರಿನಿಂದಲ್ಲ, ಭಾಷಾ ಸಮಿತಿಯ ಅಧ್ಯಕ್ಷರಾಗಿದ್ದ ವಿ.ಕೃ. ಗೋಕಾಕರಿಂದ. ಇವತ್ತು ನಿಮ್ಮನ್ನು ಕರೆದೊಯ್ಯುವುದು ಇನ್ನೊಂದು ಗೋಕಾಕಕ್ಕೆ. ಬೆಳಗಾವಿ ಜಿಲ್ಲೆಯ ಗೋಕಾಕ ಫಾಲ್ಸ್‌ಗೆ. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವ ಜಾಗಕ್ಕೆ. ಮಳೆಗಾಲದಲ್ಲಿ ನೀವೂ ಅಲ್ಲಿಗೆ ಹೋಗಿರಬಹುದು. ತೂಗುಸೇತುವೆಯ ಹತ್ತಿರ ನಿಂತು ಫೋಟೋ ತೆಗೆಸಿಕೊಂಡು, ಎರಡು ಡಬ್ಬಿ ಕರದಂಟು ಕಟ್ಟಿಸಿಕೊಂಡು ಬಂದಿರಬಹುದು. ಆದರೆ ಜಲಪಾತದ ಪಕ್ಕದ ಗಿರಣಿಯ ಕಡೆ ಎಷ್ಟು ಜನ ತಿರುಗಿ ನೋಡಿದಿರಿ?

ನೋಡಬೇಕಿತ್ತು ಗೆಳೆಯರೇ. ಯಾಕೆಂದರೆ ನಮ್ಮ ತಲೆಗೆ ಕಟ್ಟಿರುವ ಒಂದು ದೊಡ್ಡ ಆರೋಪಕ್ಕೆ ಅಲ್ಲಿ ಉತ್ತರ ಇದೆ.

ಆರೋಪ ಏನೆಂದು ನಿಮಗೆ ಗೊತ್ತು. ಪೀಣ್ಯದಲ್ಲಿ ಕೇಳಿದ್ದೀರಿ, ಬಿಡದಿಯಲ್ಲಿ ಕೇಳಿದ್ದೀರಿ, ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳಲ್ಲಿ ಕೇಳಿದ್ದೀರಿ. 'ಲೋಕಲ್ ಹುಡುಗರು ಕೆಲಸ ಮಾಡಲ್ಲ ಸಾರ್. ಹಬ್ಬಕ್ಕೆ ರಜೆ, ಜಾತ್ರೆಗೆ ರಜೆ, ಕ್ರಿಕೆಟ್ ಮ್ಯಾಚಿಗೂ ರಜೆ. ಅವರಲ್ಲಿ ಮೋಟಿವೇಶನ್ ಇಲ್ಲ. ಹೊರಗಿನವರನ್ನು ನೋಡಿ, ಹೇಳಿದಷ್ಟು ದುಡೀತಾರೆ.' 2024ರ ಜುಲೈಯಲ್ಲಿ ರಾಜ್ಯ ಸಂಪುಟ ಖಾಸಗಿ ಉದ್ಯಮದ ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಪ್ರತಿಭೆಯ ಹೆಸರಿನಲ್ಲಿ ಹುಯಿಲಿಟ್ಟರು. ಒಂದೆರಡು ದಿನದಲ್ಲೇ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು.

ಮಸೂದೆಯ ಸರಿತಪ್ಪುಗಳ ಲೆಕ್ಕ ಬೇರೆ ದಿನಕ್ಕಿರಲಿ. ಇವತ್ತಿನ ಪ್ರಶ್ನೆ ಒಂದೇ. ದುಡಿಯುವವನ ಹುಮ್ಮಸ್ಸು ಎಲ್ಲಿಂದ ಬರುತ್ತದೆ? ಅದು ಎಲ್ಲಿ ಸಾಯುತ್ತದೆ? ಸತ್ತರೆ ಕೊಂದವರು ಯಾರು?

ಬೈಗುಳಕ್ಕೂ ಒಂದು ಸಿದ್ಧಾಂತ

ಸೋಮಾರಿ ಎಂಬ ಬೈಗುಳ ನಮಗೆಂದೇ ಹುಟ್ಟಿದ್ದಲ್ಲ. ಕಾರ್ಖಾನೆ ಹುಟ್ಟಿದಲ್ಲೆಲ್ಲ ಅದೂ ಹುಟ್ಟಿದೆ. ಅಮೆರಿಕದ ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರ್ 1911ರಲ್ಲಿ 'ವೈಜ್ಞಾನಿಕ ನಿರ್ವಹಣೆ'ಯ ತತ್ವಗಳು ಎಂದು ಒಂದು ಪುಸ್ತಕ ಬರೆದ. ಇವತ್ತು ನಿಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಗಡಿಯಾರ ಹಿಡಿದು 'ಗಂಟೆಗೆ ಇಷ್ಟು ಪೀಸು' ಅಂತ ಟಾರ್ಗೆಟ್ ಹಾಕುತ್ತಾರಲ್ಲ, ಆ ಪದ್ಧತಿಯ ಮೂಲಪುರುಷ ಈತ.

ಟೇಲರ್ ಹೇಳುವ ಕತೆ ಹೀಗಿದೆ. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಒಬ್ಬೊಬ್ಬ ಆಳು ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣದ ಗಟ್ಟಿಗಳನ್ನು ಹೊತ್ತು ಬಂಡಿಗೆ ತುಂಬುತ್ತಿದ್ದ. ಟೇಲರ್ ಒಬ್ಬನನ್ನು ಆರಿಸಿ, ಎತ್ತು ಅಂದಾಗ ಎತ್ತಬೇಕು, ಕೂರು ಅಂದಾಗ ಕೂರಬೇಕು, ಎದುರು ಮಾತಾಡಕೂಡದು ಎಂದು ಕಟ್ಟಳೆ ಹಾಕಿದ. ಆತ ದಿನಕ್ಕೆ ನಲವತ್ತೇಳೂವರೆ ಟನ್ ಹೊತ್ತ. ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಲೆಕ್ಕ ಹಾಕಿ ನೋಡಿ: ಹೊರೆ ಸುಮಾರು ನಾಲ್ಕು ಪಟ್ಟು, ಕೂಲಿ ಎರಡು ಪಟ್ಟೂ ಆಗಲಿಲ್ಲ. ಇಂಥ ಕೆಲಸಕ್ಕೆ ಎತ್ತಿನಂಥ ಮಂದಬುದ್ಧಿಯವನೇ ಬೇಕು ಅಂತಲೂ ಟೇಲರ್ ಬರೆದ.

ಆದರೆ ಅದೇ ಪುಸ್ತಕದಲ್ಲಿ ಆತ ಇನ್ನೊಂದು ಸಂಗತಿಯನ್ನೂ ಬರೆದುಬಿಟ್ಟಿದ್ದಾನೆ. ಆ ಆಳು ಸಣ್ಣ ಜಾಗವೊಂದನ್ನು ಕೊಂಡಿದ್ದ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ, ಸಂಜೆ ಕೆಲಸ ಮುಗಿಸಿದ ಮೇಲೆ, ತನ್ನ ಮನೆಯ ಗೋಡೆಯನ್ನು ತಾನೇ ಕಟ್ಟುತ್ತಿದ್ದ! ಇಡೀ ದಿನ ಕಬ್ಬಿಣ ಹೊತ್ತವನು ಸಂಜೆ ಮತ್ತೆ ಕಲ್ಲು ಎತ್ತುತ್ತಾನೆ ಅಂದರೆ ಅವನಿಗೆ ಹುಮ್ಮಸ್ಸು ಇರಲಿಲ್ಲವೇ? ಬೇಕಾದಷ್ಟಿತ್ತು. ಕಬ್ಬಿಣದ ಗಟ್ಟಿಯ ಮೇಲೆ ಇರಲಿಲ್ಲ ಅಷ್ಟೇ. ಅವನದೇ ಮನೆಯ ಮೇಲಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಗೋಕಾಕಕ್ಕೆ ಹೋದಾಗ ಬೇಕಾಗುತ್ತದೆ.

1960ರಲ್ಲಿ ಡಗ್ಲಾಸ್ ಮೆಕ್‌ಗ್ರೆಗರ್ ಎಂಬ ಪ್ರೊಫೆಸರ್ ಈ ಬೈಗುಳಕ್ಕೆ ಒಂದು ಹೆಸರಿಟ್ಟ. ಎಕ್ಸ್ ಸಿದ್ಧಾಂತ. ಮನುಷ್ಯ ಹುಟ್ಟಾ ಸೋಮಾರಿ, ಹೊಣೆ ಹೊರಲು ಒಲ್ಲದವನು, ಅವನನ್ನು ಹೆದರಿಸಿಯೋ ಆಸೆ ತೋರಿಸಿಯೋ ದುಡಿಸಬೇಕು ಎಂದು ನಂಬುವ ಯಜಮಾನನದು ಎಕ್ಸ್. ಕೆಲಸ ಮಾಡುವುದು ಆಟದಷ್ಟೇ ಸಹಜ, ಅವಕಾಶ ಕೊಟ್ಟರೆ ಮನುಷ್ಯ ತಾನೇ ಹೊಣೆ ಹೊರುತ್ತಾನೆ ಎಂದು ನಂಬುವವನದು ವೈ ಸಿದ್ಧಾಂತ. ಮೆಕ್‌ಗ್ರೆಗರ್ ಹೇಳಿದ ಮುಖ್ಯ ಮಾತು ಇನ್ನೊಂದಿದೆ. ಎಕ್ಸ್ ಎಂದು ನಂಬಿ ನಡೆಸಿಕೊಂಡರೆ ಜನ ಎಕ್ಸ್ ಆಗಿಯೇ ವರ್ತಿಸತೊಡಗುತ್ತಾರೆ. ಕಳ್ಳ ಕಳ್ಳ ಎಂದು ದಿನಾ ಜೇಬು ತಡಕುವ ಮನೆಯಲ್ಲಿ ಯಾವ ಮಗು ನಿಯತ್ತಾಗಿ ಬೆಳೆದೀತು?

ಹಾಗಾದರೆ ಹೊರಗಿನಿಂದ ಬಂದವರು ಹೇಳಿದಷ್ಟು ದುಡಿಯುತ್ತಾರಲ್ಲ? ದುಡಿಯುತ್ತಾರೆ. ಸಾವಿರಾರು ಮೈಲಿ ದೂರದಿಂದ ಬಂದು, ಒಂದು ಕೋಣೆಯಲ್ಲಿ ಎಂಟು ಜನ ಮಲಗುವ ಹುಡುಗ ರಜೆ ಕೇಳಿ ಎಲ್ಲಿಗೆ ಹೋಗಬೇಕು? ಅವನಿಗೆ ಇಲ್ಲಿ ಜಾತ್ರೆ ಇಲ್ಲ, ಅಜ್ಜಿ ಇಲ್ಲ, ಪರವಾಗಿ ಮಾತಾಡುವ ನೆಂಟರಿಲ್ಲ. ಅದು ಹುಮ್ಮಸ್ಸಲ್ಲ, ನಿರ್ವಾಹವಿಲ್ಲದಿರುವುದು. ನಮ್ಮ ಸಿಟ್ಟು ಆ ಹುಡುಗನ ಮೇಲೆ ತಿರುಗಕೂಡದು. ಅವನ ಅಸಹಾಯಕತೆಯನ್ನು ಅಳತೆಗೋಲು ಮಾಡಿಕೊಂಡು ನಮ್ಮನ್ನು ಅಳೆಯುತ್ತಾನಲ್ಲ, ಅವನ ಮೇಲೆ ತಿರುಗಬೇಕು.

ಫಿಲಡೆಲ್ಫಿಯಾದ ನೂಲಿನ ಗಿರಣಿ

ಗೋಕಾಕದ ಗಿರಣಿಗೆ ಹೋಗುವ ಮುಂಚೆ ಇನ್ನೊಂದು ನೂಲಿನ ಗಿರಣಿಯನ್ನು ನೋಡಿಬಿಡೋಣ. ಅಮೆರಿಕದ ಫಿಲಡೆಲ್ಫಿಯಾದಲ್ಲಿತ್ತು. ಕಾಲ 1923. ಎಲ್ಟನ್ ಮೇಯೋ ಎಂಬ ಆಸ್ಟ್ರೇಲಿಯಾದ ಪಂಡಿತ ಅಲ್ಲಿಗೆ ಬಂದ.

ಗಿರಣಿಯ ಬೇರೆ ವಿಭಾಗಗಳಲ್ಲಿ ವರ್ಷಕ್ಕೆ ನೂರಕ್ಕೆ ಐದಾರು ಜನ ಕೆಲಸ ಬಿಡುತ್ತಿದ್ದರು. ನೂಲುವ ವಿಭಾಗದಲ್ಲಿ ಮಾತ್ರ ನೂರಕ್ಕೆ 250! ಅಂದರೆ ನೂರು ಜಾಗ ತುಂಬಿಸಿಡಲು ವರ್ಷಕ್ಕೆ 250 ಜನರನ್ನು ಹೊಸದಾಗಿ ಹಿಡಿದು ತರಬೇಕಿತ್ತು. ಮಾಲೀಕರು ತಜ್ಞರನ್ನು ಕರೆಸಿದರು. ತಜ್ಞರು ಒಂದಲ್ಲ ನಾಲ್ಕು ಬೋನಸ್ ಯೋಜನೆ ಮಾಡಿಕೊಟ್ಟರು. ಉತ್ಪಾದನೆ ಒಂದು ಮಟ್ಟ ದಾಟಿದರೆ ಹೆಚ್ಚಿನ ಹಣ. ಒಬ್ಬನೂ ಆ ಮಟ್ಟ ದಾಟಲಿಲ್ಲ. ಇಲ್ಲಿಯ ಮ್ಯಾನೇಜರಾಗಿದ್ದರೆ ಏನನ್ನುತ್ತಿದ್ದ? 'ಲೋಕಲ್ ಹುಡುಗರು ಸಾರ್, ದುಡ್ಡು ಕೊಟ್ಟರೂ ಮಾಡಲ್ಲ.'

ಮೇಯೋ ಹಾಗನ್ನಲಿಲ್ಲ. ನೋಡಿದ. ಉದ್ದನೆಯ ಓಣಿಯಂಥ ಜಾಗದಲ್ಲಿ ಒಬ್ಬನೇ ಆಳು ದಿನಕ್ಕೆ ಹತ್ತು ತಾಸು ಅತ್ತಿಂದಿತ್ತ ನಡೆಯುತ್ತ, ಹರಿದ ಎಳೆಗಳನ್ನು ಕೂಡಿಸಬೇಕು. ಯಂತ್ರದ ಸದ್ದಿಗೆ ಮಾತು ಕೇಳಿಸದು. ಕಾಲು ಬಾತುಕೊಳ್ಳುತ್ತದೆ. ಮನಸ್ಸು ಒಂಟಿಯಾಗಿ ಕೆಟ್ಟ ಯೋಚನೆಗಳ ಸುಳಿಗೆ ಬೀಳುತ್ತದೆ. ಮೇಯೋ ಒಬ್ಬ ನರ್ಸನ್ನು ಇಟ್ಟು ಅವರ ಕಷ್ಟ ಕೇಳಿಸಿದ. ಆಮೇಲೆ ಬೆಳಿಗ್ಗೆ ಎರಡು ಸಲ, ಮಧ್ಯಾಹ್ನ ಎರಡು ಸಲ, ಹತ್ತು ಹತ್ತು ನಿಮಿಷ ಮಲಗಿ ವಿಶ್ರಾಂತಿ ಪಡೆಯಲು ಬಿಟ್ಟ. ಅಷ್ಟೇ! ಕೆಲಸ ಬಿಡುವುದು ನಿಂತಿತು. ಯಾರಿಗೂ ಸಿಗದಿದ್ದ ಬೋನಸ್ಸು ಸಿಗತೊಡಗಿತು.

ನಡುವೆ ಒಂದು ತಮಾಷೆ ನಡೆಯಿತು. 1924ರ ಫೆಬ್ರವರಿಯಲ್ಲಿ ಆರ್ಡರು ಜಾಸ್ತಿ ಬಂತು. ಮೇಲ್ವಿಚಾರಕರು 'ಈಗ ಮಲಗುವ ಕಾಲವೇ?' ಎಂದು ವಿಶ್ರಾಂತಿ ಕಿತ್ತುಹಾಕಿದರು. ಉತ್ಪಾದನೆ ದಡಬಡನೆ ಕೆಳಗಿಳಿಯಿತು. ಕೊನೆಗೆ ಗಿರಣಿಯ ಅಧ್ಯಕ್ಷನೇ ಎದ್ದು ಬಂದು ವಿಶ್ರಾಂತಿಯನ್ನು ಮತ್ತೆ ಜಾರಿಗೆ ತಂದ. ಸರದಿಯ ಮೇಲೆ ಯಾರು ಯಾವಾಗ ಮಲಗಬೇಕು ಎಂಬುದನ್ನು ಆಳುಗಳೇ ತಮ್ಮತಮ್ಮಲ್ಲಿ ಗೊತ್ತುಮಾಡಿಕೊಳ್ಳಲು ಬಿಟ್ಟ. ಮೇಯೋ ಮುಂದೆ ಇದರ ಬಗ್ಗೆ ಬರೆದಾಗ ಒತ್ತಿ ಹೇಳಿದ್ದು ನಿದ್ದೆಯನ್ನಲ್ಲ. ತಮ್ಮ ಕೆಲಸದ ಬಗ್ಗೆ ತಾವೇ ಮಾತಾಡಿಕೊಂಡು ತೀರ್ಮಾನಿಸಿದ ಒಂಟಿ ಆಳುಗಳು ಒಂದು ಗುಂಪಾದರು ಎಂಬುದನ್ನು.

ಅದು ಬಿಳಿಯರ ನಾಡು, ನಮ್ಮಲ್ಲಿ ನಡೆಯದು ಅನ್ನುವವರಿಗೆ ಅಹಮದಾಬಾದಿನ ಉತ್ತರ ಇದೆ. 1953ರಲ್ಲಿ ಅಲ್ಲಿಯ ಕ್ಯಾಲಿಕೋ ಗಿರಣಿಗೆ ಲಂಡನ್ನಿನ ಎ.ಕೆ. ರೈಸ್ ಎಂಬ ಸಂಶೋಧಕ ಬಂದ. ಹೊಸ ಆಟೋಮ್ಯಾಟಿಕ್ ಮಗ್ಗಗಳನ್ನು ಹಾಕಿದ್ದರೂ ಬಟ್ಟೆ ಚೆನ್ನಾಗಿ ಬರುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ತುಂಡು ಕೆಲಸ, ಇಡೀ ಮಗ್ಗಕ್ಕೆ ಯಾರೂ ಹೊಣೆಯಲ್ಲ. ಇಷ್ಟು ಮಗ್ಗಗಳಿಗೆ ಒಂದು ಗುಂಪು, ಗುಂಪಿಗೇ ಪೂರ್ತಿ ಹೊಣೆ ಎಂಬ ಆಲೋಚನೆ ಬಂದ ಕೂಡಲೇ ನೇಕಾರರು ಅದನ್ನು ತಮ್ಮ ಕೈಗೆ ತೆಗೆದುಕೊಂಡು, ತಾವೇ ಗುಂಪು ಕಟ್ಟಿಕೊಂಡರು. ಉತ್ಪಾದನೆ ಏರಿತು, ಕೆಟ್ಟ ಬಟ್ಟೆ ಕಡಿಮೆಯಾಯಿತು. ಅದೇ ಮಗ್ಗ, ಅದೇ ಜನ.

ಗೋಕಾಕದ ಗಿರಣಿ, ಗಿರಣಿಯ ಮನೆ

ಈಗ ನಮ್ಮ ಘಟಪ್ರಭೆಗೆ ಬನ್ನಿ. ಗೋಕಾಕ ವಾಟರ್ ಪವರ್ ಆ್ಯಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಹುಟ್ಟಿದ್ದು 1885ರಲ್ಲಿ. ನದಿಯ ಬೀಳುವಿಕೆಯನ್ನೇ ಶಕ್ತಿಯಾಗಿ ಮಾಡಿಕೊಂಡು ಹತ್ತಿ ನೂಲುವುದು ಅವರ ಯೋಜನೆ. 1887ರಲ್ಲೇ ಇಲ್ಲಿ ಕರೆಂಟು ಹುಟ್ಟಿತು ಎಂದು ಊರು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಆಗ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿತ್ತು. ಗಿರಣಿಯ ಸೂತ್ರ ಮುಂಬಯಿಯ ಫೋರ್ಬ್ಸ್ ಸಂಸ್ಥೆಯ ಕೈಯಲ್ಲಿತ್ತು. ಮುಂದೆ ಅದೇ ಗಿರಣಿ ಗೋಕಾಕ ಪಟೇಲ್ ವೋಲ್ಕಾರ್ಟ್ ಆಯಿತು, ಫೋರ್ಬ್ಸ್ ಗೋಕಾಕ ಆಯಿತು, ಗೋಕಾಕ ಟೆಕ್ಸ್‌ಟೈಲ್ಸ್ ಆಯಿತು. ಹೆಸರು ಬದಲಾಯಿತು, ಒಡೆಯರು ಬದಲಾದರು. ಪಾಳಿಗೆ ಹೋದವರು ಮಾತ್ರ ಅದೇ ಸೀಮೆಯವರು.

ಮಳೆ ನಂಬಿ ಜೋಳ ಬೆಳೆಯುತ್ತಿದ್ದ ಸೀಮೆ ಅದು. ಅಲ್ಲಿಯ ಕನ್ನಡದ ಮಕ್ಕಳು ರಾತ್ರಿ ಪಾಳಿ, ಹಗಲು ಪಾಳಿ ಅಂತ ಎದ್ದು ಹೋಗಿ, ಹತ್ತಿಯ ಧೂಳು ಕುಡಿದು, ನೂಲು ತೆಗೆದರು. ಮಗ ಹೋದ, ಮೊಮ್ಮಗ ಹೋದ. ಒಂದು ನೂರು ವರ್ಷ ದಾಟಿ ಗಿರಣಿ ನಡೆಯಿತು. ಸೋಮಾರಿಗಳ ಸೀಮೆಯಲ್ಲಿ ಒಂದು ಗಿರಣಿ ನೂರು ವರ್ಷ ನಡೆಯುತ್ತದೆಯೇ ಸ್ವಾಮಿ?

ನಿಜ, ಕಂಪನಿಯೂ ಕೊಟ್ಟಿದೆ. ಬೆಟ್ಟದ ನಡುವೆ ಗಿರಣಿ ಕಟ್ಟಿದವರಿಗೆ ಕೆಲಸಗಾರರಿಗೆ ವಸತಿ ಕಟ್ಟದೆ ಗತಿ ಇರಲಿಲ್ಲ. ಗಿರಣಿಯ ಸುತ್ತ ಗಿರಣಿಯದೇ ಊರು ಬೆಳೆಯಿತು. ಪಗಾರ ಬಂತು, ತಲೆಯ ಮೇಲೆ ಸೂರು ಬಂತು. 1943ರಲ್ಲಿ ಅಬ್ರಹಾಂ ಮಾಸ್ಲೋ ಎಂಬ ಮನಶ್ಶಾಸ್ತ್ರಜ್ಞ ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳಿದ. ಮೊದಲು ಅನ್ನ, ನೀರು. ಆಮೇಲೆ ಭದ್ರತೆ. ಆಮೇಲೆ ನನ್ನವರು ಎನ್ನುವವರು. ಆಮೇಲೆ ಮರ್ಯಾದೆ. ಕೊನೆಗೆ ತನ್ನೊಳಗಿನದನ್ನು ತಾನು ಅರಳಿಸಿಕೊಳ್ಳುವುದು. ಗಿರಣಿಯ ಮನೆ ಎರಡನೆಯ ಮೆಟ್ಟಿಲು.

ಆದರೆ ಆ ಮನೆ ಯಾರದು? ಇದೇ ಗೋಕಾಕದ ಕಂಪನಿಯ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನೌಕರಿ ಮುಗಿದ ಮೇಲೂ ಒಬ್ಬರು ಕಂಪನಿಯ ಕ್ವಾರ್ಟರ್ಸ್ ಬಿಟ್ಟುಕೊಡಲಿಲ್ಲ. 1956ರ ಕಂಪನಿ ಕಾಯಿದೆಯ 630ನೇ ಕಲಮಿನಂತೆ ಕಂಪನಿಯ ಆಸ್ತಿಯನ್ನು ತಪ್ಪಾಗಿ ಇಟ್ಟುಕೊಳ್ಳುವುದು ಅಪರಾಧವಾಗಿತ್ತು. ದೂರು ಕೊಡುವ ಕಾಲಮಿತಿ ಮೀರಿತೇ ಇಲ್ಲವೇ ಎಂಬುದು ಪ್ರಶ್ನೆಯಾಗಿತ್ತು. 1991ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಇದು ಮುಂದುವರಿಯುವ ಅಪರಾಧ. ಮನೆ ಬಿಡುವವರೆಗೆ ಪ್ರತಿದಿನವೂ ಅಪರಾಧ ನಡೆಯುತ್ತಲೇ ಇರುತ್ತದೆ. ದೇಶದ ಎಷ್ಟೋ ಕಂಪನಿಗಳ ಕ್ವಾರ್ಟರ್ಸ್ ವ್ಯಾಜ್ಯದಲ್ಲಿ ಗೋಕಾಕದ ಈ ತೀರ್ಪನ್ನು ವಕೀಲರು ಎತ್ತಿ ಹೇಳುತ್ತಾರೆ.

ಕಾನೂನಿನ ದೃಷ್ಟಿಯಲ್ಲಿ ಅದು ಸರಿ. ಮುಂದೆ ಬರುವ ಕೆಲಸಗಾರನಿಗೂ ಮನೆ ಬೇಕಲ್ಲ. ಆದರೆ ದುಡಿಯುವವನ ಜಾಗದಲ್ಲಿ ನಿಂತು ನೋಡಿ. ಇಡೀ ಆಯುಷ್ಯ ಒಂದು ಮನೆಯಲ್ಲಿದ್ದು, ಮಕ್ಕಳನ್ನು ಅಲ್ಲೇ ಬೆಳೆಸಿ, ನಿವೃತ್ತಿಯ ಮರುದಿನ ಆ ಮನೆಯಲ್ಲಿ ಉಳಿದರೆ ಅವನು ಅಪರಾಧಿ. ಕೊಟ್ಟದ್ದು ಸೂರು ಹೌದು, ಹಗ್ಗವೂ ಹೌದು. ಟೇಲರ್ ಎತ್ತು ಎಂದು ಕರೆದ ಆ ಆಳು ಸಂಜೆ ಹೊತ್ತು ಕಟ್ಟಿಕೊಂಡದ್ದು ತನ್ನ ಮನೆ. ವ್ಯತ್ಯಾಸ ಅಲ್ಲಿದೆ.

ಫ್ರೆಡರಿಕ್ ಹರ್ಜ್‌ಬರ್ಗ್ ಎಂಬಾತ 1959ರಲ್ಲಿ 203 ಎಂಜಿನಿಯರು ಮತ್ತು ಲೆಕ್ಕಿಗರನ್ನು ಮಾತಾಡಿಸಿ ಒಂದು ತೀರ್ಮಾನಕ್ಕೆ ಬಂದ. ಪಗಾರ, ವಸತಿ, ಮೇಲಧಿಕಾರಿಯ ನಡವಳಿಕೆ, ಕೆಲಸದ ಜಾಗ, ಇವು ಕೆಟ್ಟಿದ್ದರೆ ಅಸಮಾಧಾನ ಹುಟ್ಟುತ್ತದೆ. ಸರಿ ಇದ್ದರೆ ಅಸಮಾಧಾನ ಇರುವುದಿಲ್ಲ, ಅಷ್ಟೇ. ಹುಮ್ಮಸ್ಸು ಹುಟ್ಟುವುದು ಬೇರೆ ಕಡೆ: ಕೆಲಸದಲ್ಲೇ, ಏನನ್ನೋ ಸಾಧಿಸಿದ್ದರಲ್ಲಿ, ಅದನ್ನು ಯಾರಾದರೂ ಗುರುತಿಸಿದ್ದರಲ್ಲಿ, ಹೊಣೆ ಸಿಕ್ಕಿದ್ದರಲ್ಲಿ, ಬೆಳೆದದ್ದರಲ್ಲಿ. ಒದ್ದು ಓಡಿಸಿದರೆ ಹುಮ್ಮಸ್ಸು ಇರುವುದು ಒದ್ದವನಿಗೇ ಹೊರತು ಓಡಿದವನಿಗಲ್ಲ ಎಂದು ಈತ 1968ರಲ್ಲಿ ಗೇಲಿ ಮಾಡಿದ. ಚರಂಡಿ ಕಟ್ಟಿಕೊಂಡಿದ್ದರೆ ಊರಿಗೆ ಕಾಯಿಲೆ. ಚರಂಡಿ ಸರಿ ಮಾಡಿಸಿದ ಮಾತ್ರಕ್ಕೆ ಊರಿನಲ್ಲಿ ಪೈಲ್ವಾನರು ಹುಟ್ಟುವುದಿಲ್ಲ. ಹಾಗಂತ ಚರಂಡಿ ಬೇಡವೇ? ಬೇಕು, ಮೊದಲು ಬೇಕು!

ಕೈ ಕೆಸರಾಯಿತು, ಮೊಸರೆಲ್ಲಿ?

ಕೈ ಕೆಸರಾದರೆ ಬಾಯಿ ಮೊಸರು. ಈ ಗಾದೆಯನ್ನು 1964ರಲ್ಲಿ ವಿಕ್ಟರ್ ವ್ರೂಮ್ ಎಂಬ ಪಂಡಿತ ದೊಡ್ಡ ಪುಸ್ತಕ ಮಾಡಿದ. ದುಡಿದರೆ ಕೆಲಸ ಕೈಗೂಡುತ್ತದೆ ಎಂಬ ನಂಬಿಕೆ ಬೇಕು. ಕೈಗೂಡಿದರೆ ಫಲ ಸಿಗುತ್ತದೆ ಎಂಬ ನಂಬಿಕೆ ಬೇಕು. ಆ ಫಲ ನನಗೆ ಬೇಕಾದದ್ದೇ ಆಗಿರಬೇಕು. ಮೂರರಲ್ಲಿ ಒಂದು ಸೊನ್ನೆಯಾದರೂ ಹುಮ್ಮಸ್ಸು ಸೊನ್ನೆ. ನಮ್ಮ ಅಜ್ಜಂದಿರು ನಾಲ್ಕೇ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಮೊಸರು ಬರದಿದ್ದರೆ ಏನಾಗುತ್ತದೆ? ಕೋಲಾರದ ನರಸಾಪುರದಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಆಗ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆ. 2020ರ ಡಿಸೆಂಬರ್ 12ರ ಬೆಳಿಗ್ಗೆ ಪಾಳಿ ಮುಗಿಸಿದ ಹುಡುಗರು ಕಾರ್ಖಾನೆಯನ್ನೇ ಪುಡಿ ಮಾಡಿದರು. ಗಾಜು ಒಡೆದದ್ದು ತಪ್ಪು, ಅದನ್ನು ಸಮರ್ಥಿಸುವ ಮಾತಿಲ್ಲ. ಆದರೆ ಒಂದು ವಾರದಲ್ಲಿ ಕಂಪನಿಯೇ ಒಪ್ಪಿಕೊಂಡಿತು: ಕೆಲವು ಕೆಲಸಗಾರರಿಗೆ ಸರಿಯಾಗಿ, ಸಮಯಕ್ಕೆ ಸರಿಯಾಗಿ ಸಂಬಳ ಕೊಟ್ಟಿರಲಿಲ್ಲ. ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷನನ್ನು ತೆಗೆದುಹಾಕಿತು. ಹಾಗಾದರೆ ಮೋಟಿವೇಶನ್ ಕೊರತೆ ಯಾರಲ್ಲಿತ್ತು? ಜಗತ್ತಿನ ಅತಿ ದುಬಾರಿ ಫೋನು ಮಾಡುವ ಹುಡುಗರಲ್ಲೋ, ಅವರ ಹಾಜರಿ ಲೆಕ್ಕ ಸರಿಯಾಗಿ ಬರೆಯಲಾಗದ ಆಫೀಸಿನಲ್ಲೋ?

ಮೊಸರು ಬಂದರೂ ಪಕ್ಕದವನ ಬಟ್ಟಲಿನ ಕಡೆ ಕಣ್ಣು ಹೋಗುತ್ತದೆ. ಅದು ಹೊಟ್ಟೆಕಿಚ್ಚಲ್ಲ, ನ್ಯಾಯದ ಲೆಕ್ಕ. ಜೆ. ಸ್ಟೇಸಿ ಆ್ಯಡಮ್ಸ್ 1963ರಲ್ಲಿ ಇದನ್ನೇ ಸಿದ್ಧಾಂತ ಮಾಡಿದ. ನಾನು ಹಾಕಿದ್ದೆಷ್ಟು, ನನಗೆ ಬಂದದ್ದೆಷ್ಟು, ನನ್ನಂಥವನು ಹಾಕಿದ್ದೆಷ್ಟು, ಅವನಿಗೆ ಬಂದದ್ದೆಷ್ಟು? ಈ ತಕ್ಕಡಿ ವಾಲಿದರೆ ಕೆಲಸ ಕೆಡುತ್ತದೆ. ಇದಕ್ಕೆ ಬೆಂಗಳೂರಿಗಿಂತ ದೊಡ್ಡ ಸಾಕ್ಷಿ ಬೇಕೆ? 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ 77 ದಿನ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು ಮುಷ್ಕರ ಹೂಡಿದರು. ಅವರ ಮುಖ್ಯ ಬೇಡಿಕೆ ಏನಿತ್ತು? ಬಿಎಚ್‌ಇಎಲ್ ಕಾರ್ಮಿಕರಿಗೆ ಸಿಗುವಷ್ಟು ನಮಗೂ ಕೊಡಿ. ಒಂದೇ ಕೇಂದ್ರ ಸರ್ಕಾರ ಒಡೆಯ, ಎರಡು ಬಟ್ಟಲು ಯಾಕೆ? ಅಷ್ಟೇ ಪ್ರಶ್ನೆ.

2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗಿಳಿದದ್ದೂ ಇದೇ ಮೊಸರಿಗಾಗಿ. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಬಂದಿತ್ತು. ನಲವತ್ತಕ್ಕೇ ಮೈ ಸೋತು ಕೆಲಸ ಬಿಡುವ ಹೆಂಗಸಿಗೆ ಐವತ್ತೆಂಟರ ಮೊಸರು ಯಾಕೆ? ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಆ ಅಕ್ಕತಂಗಿಯರಿಗೆ ಯಾವ ಪ್ರೊಫೆಸರೂ ಮೋಟಿವೇಶನ್ ಪಾಠ ಮಾಡಿರಲಿಲ್ಲ!

ಯಾವ ಭಾಷೆಯಲ್ಲಿ ಕೇಳುತ್ತೀರಿ?

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. ಮೇಯೋ ಹೆಸರು ಲೋಕಪ್ರಸಿದ್ಧವಾದದ್ದು ಶಿಕಾಗೋ ಹತ್ತಿರದ ಹಾಥಾರ್ನ್ ಕಾರ್ಖಾನೆಯಿಂದ. ಅಲ್ಲಿ 1924ರಿಂದ 1932ರವರೆಗೆ ಪ್ರಯೋಗಗಳು ನಡೆದವು. 1928ರಿಂದ ಎರಡು ವರ್ಷದಲ್ಲಿ 20,000ಕ್ಕೂ ಹೆಚ್ಚು ಕೆಲಸಗಾರರನ್ನು ಮಾತಾಡಿಸಿದರು. ಮೊದಲು ಸಿದ್ಧ ಪ್ರಶ್ನೆಗಳ ಪಟ್ಟಿ ಹಿಡಿದು ಹೋದರು. ಕೆಲಸಗಾರರು ಪ್ರಶ್ನೆ ಬಿಟ್ಟು ಬೇರೇನೋ ಹೇಳತೊಡಗಿದರು. ಕೊನೆಗೆ ಪಟ್ಟಿ ಎಸೆದು, ನಿಮಗೆ ಬೇಕಾದ್ದು ಹೇಳಿ ಎಂದು ಕಿವಿಗೊಟ್ಟರು. ಆಗ ಮಾತು ಹೊರಬಂತು.

ಹಾಥಾರ್ನ್ ಕತೆಗೆ ಕಪ್ಪು ಬದಿಯೂ ಇದೆ. ರಿಲೇ ಜೋಡಿಸುವ ಕೋಣೆಯ ಐವರು ಹೆಣ್ಣುಮಕ್ಕಳಲ್ಲಿ ಇಬ್ಬರನ್ನು, ಮಾತು ಜಾಸ್ತಿ, ಸಹಕಾರ ಕಡಿಮೆ ಎಂದು 1928ರ ಆರಂಭದಲ್ಲಿ ಬದಲಿಸಿಬಿಟ್ಟರು. ಉತ್ಪಾದನೆ ಏರಿದ್ದಕ್ಕೆ ಪ್ರೀತಿಯ ಜತೆ ಹೊಸ ಕೂಲಿ ಲೆಕ್ಕವೂ ಕಾರಣ ಎಂದು ಮುಂದೆ ಟೀಕಾಕಾರರು ತೋರಿಸಿದರು. ಅಂದರೆ ಬರೀ ಕಿವಿ ಸಾಲದು, ಕೈಯೂ ಬೇಕು. ಕೇಳಿದ ಹಾಗೆ ಮಾಡಿ ಏನೂ ಕೊಡದಿದ್ದರೆ ಅದು ನಾಟಕ.

ಆದರೂ ಕಿವಿಯ ಪಾಠ ನಿಲ್ಲುತ್ತದೆ. ಮನುಷ್ಯ ಒಳಗಿನ ಮಾತು ಹೇಳುವುದು ಯಾವ ಭಾಷೆಯಲ್ಲಿ? ಕಾಲು ನೋಯುತ್ತಿದೆ, ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈಯುತ್ತಾನೆ, ಈ ಯಂತ್ರವನ್ನು ಹೀಗೆ ತಿರುಗಿಸಿಟ್ಟರೆ ಹತ್ತು ನಿಮಿಷ ಉಳಿಯುತ್ತದೆ, ಇದನ್ನೆಲ್ಲ ಹುಕ್ಕೇರಿಯ ಹುಡುಗ ಇಂಗ್ಲಿಷಿನಲ್ಲಿ ಹೇಳಬೇಕೆ? ಮೂಡಲಗಿಯ ತಂಗಿ ಹಿಂದಿಯಲ್ಲಿ ಹೇಳಬೇಕೆ?

ವರ್ಷಕ್ಕೊಮ್ಮೆ ಬರುವ ಅಪ್ರೈಸಲ್ ನೋಡಿ. ಯಂತ್ರದ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲ ಹುಡುಗ ಆ ಕೋಣೆಯೊಳಗೆ ಹೋಗಿ 'ಯಸ್ ಸರ್, ನೋ ಸರ್, ಗುಡ್ ಸರ್' ಎಂದು ಮೂರು ಮಾತಾಡಿ ಹೊರಬರುತ್ತಾನೆ. ಒಳಗೆ ಕೂತವರು ಬರೆಯುತ್ತಾರೆ: ಮಾತಿಲ್ಲ, ಉತ್ಸಾಹ ಕಡಿಮೆ. ಮಾತು ಇಲ್ಲದ್ದು ಅವನಲ್ಲಲ್ಲ, ಆ ಕೋಣೆಯಲ್ಲಿ ಅವನ ಮಾತಿಗೆ ಜಾಗ ಇಲ್ಲ. ಮಾಸ್ಲೋನ ನಾಲ್ಕನೆಯ ಮೆಟ್ಟಿಲು, ಮರ್ಯಾದೆಯ ಮೆಟ್ಟಿಲು, ನಮ್ಮ ಹುಡುಗರಿಗೆ ಮುರಿದು ಬಿದ್ದಿರುವುದು ಇಲ್ಲೇ.

ಇದು ಬರೀ ಅಭಿಮಾನದ ಮಾತಲ್ಲ, ಕಾನೂನಿಗೇ ಗೊತ್ತಿದ್ದ ಸತ್ಯ. 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯಿದೆಯ 9ನೇ ಕಲಮು ಏನು ಹೇಳಿತು? ಕೆಲಸದ ನಿಯಮಗಳನ್ನು ಇಂಗ್ಲಿಷಿನ ಜತೆಗೆ, ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಗೇಟಿನ ಹತ್ತಿರ ಬೋರ್ಡಿನ ಮೇಲೆ ಹಾಕಬೇಕು ಎಂದು. 1948ರ ಕಾರ್ಖಾನೆ ಕಾಯಿದೆಯ 108ನೇ ಕಲಮು ಕಾರ್ಖಾನೆಯ ನೋಟೀಸುಗಳ ಬಗ್ಗೆ ಅದನ್ನೇ ಹೇಳಿತು. 2020ರಲ್ಲಿ ಸಂಸತ್ತು ಈ ಹಳೆಯ ಕಾಯಿದೆಗಳನ್ನು ಹೊಸ ಸಂಹಿತೆಗಳಲ್ಲಿ ಸೇರಿಸಿ ಅಂಗೀಕರಿಸಿತು. ಕಾಯಿದೆಯ ಹೆಸರು ಏನಾದರೂ ಆಗಲಿ, ತತ್ವ ಹಳೆಯದಾಗುವುದಿಲ್ಲ. ತಿಳಿಯದ ನಿಯಮಕ್ಕೆ ತಲೆಬಾಗುವವನು ಆಳು, ತಿಳಿದು ನಡೆಯುವವನು ಕೆಲಸಗಾರ.

ನೀವೇನು ಮಾಡಬೇಕು?

ಗೆಳೆಯರೇ, 1986ರ ಸರೋಜಿನಿ ಮಹಿಷಿ ವರದಿಯಿಂದ ಇಲ್ಲಿಯವರೆಗೆ ನಮ್ಮ ಕೂಗು ಗೇಟಿನ ಬಳಿಯ ಕೂಗು. ಕನ್ನಡಿಗರಿಗೆ ಕೆಲಸ ಕೊಡಿ! ಆ ಕೂಗು ಬೇಕು, ನಿಲ್ಲಕೂಡದು. ಆದರೆ ಗೇಟು ದಾಟಿದ ಕನ್ನಡಿಗ ಒಳಗೆ ಹೇಗಿದ್ದಾನೆ ಎಂದು ಎಷ್ಟು ಸಲ ಕೇಳಿದ್ದೇವೆ? ಒಳಗೆ ಅವನ ಹುಮ್ಮಸ್ಸು ಸತ್ತರೆ ನಾಳೆ ಗೇಟಿನಲ್ಲಿ ನಿಂತವನಿಗೆ ಅದೇ ಬೈಗುಳ ಕಾದಿರುತ್ತದೆ.

ಆದ್ದರಿಂದ ನೀವು ಎಲ್ಲೇ ದುಡಿಯಿರಿ, ಈ ನಾಲ್ಕು ಪ್ರಶ್ನೆಗಳನ್ನು ಕೇಳಿ. ಸಂಬಳದ ಚೀಟಿ ನಿಮಗೆ ಅರ್ಥವಾಗುವಂತಿದೆಯೇ? ನಿಯಮದ ಬೋರ್ಡು ಕನ್ನಡದಲ್ಲಿದೆಯೇ? ನಿಮ್ಮ ದೂರು, ನಿಮ್ಮ ಸಲಹೆ, ನಿಮ್ಮ ಅಪ್ರೈಸಲ್ ಕನ್ನಡದಲ್ಲಿ ನಡೆಯುತ್ತದೆಯೇ? ನಿಮ್ಮ ಕೆಲಸದ ಯಾವುದಾದರೂ ಒಂದು ಭಾಗವನ್ನು ತೀರ್ಮಾನಿಸುವ ಹಕ್ಕು ನಿಮಗಿದೆಯೇ? ಒಬ್ಬರೇ ಕೇಳಿದರೆ ಬಾಯಿ ಮುಚ್ಚಿಸುತ್ತಾರೆ. ಆದ್ದರಿಂದ ಒಟ್ಟಾಗಿ ಕೇಳಿ. ಪಕ್ಕದಲ್ಲಿ ನಿಂತ ಬಿಹಾರದ ಹುಡುಗನಿಗೂ ನಾಲ್ಕು ಮಾತು ಕನ್ನಡ ಕಲಿಸಿ ಜತೆಗೆ ಕರೆದುಕೊಳ್ಳಿ. ಅವನು ನಿರ್ಗತಿಕನಾಗಿರುವವರೆಗೆ ನಿಮ್ಮ ಕೂಲಿಯೂ ಏರುವುದಿಲ್ಲ.

ಇನ್ನೊಂದು ಮಾತು ನಿಮಗೇ. ಕೆಲಸ ಕಲಿಯದೆ ಬರೀ ಬಾವುಟ ಹಿಡಿದರೆ ಎಕ್ಸ್ ಸಿದ್ಧಾಂತದವನ ಬಾಯಿಗೆ ಸಕ್ಕರೆ ಹಾಕಿದಂತೆ. ಕಾಯಕ ಎಂಬ ದೊಡ್ಡ ಮಾತನ್ನು ಲೋಕಕ್ಕೆ ಕೊಟ್ಟ ನೆಲ ಇದು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನಿಗೆ ಆಯ್ದಕ್ಕಿ ಲಕ್ಕಮ್ಮ ವಾಪಸು ಹಾಕಿ ಬಾ ಎಂದಳೆಂಬ ಕತೆ ನಮ್ಮದು. ಗಮನಿಸಿ, ಆ ಕಾಯಕವನ್ನು ಯಾವ ಯಜಮಾನನೂ ಅವರ ಮೇಲೆ ಹೇರಲಿಲ್ಲ. ಅವರೇ ಆರಿಸಿಕೊಂಡರು, ಎಷ್ಟು ಬೇಕು ಎಂಬುದನ್ನೂ ಅವರೇ ಗೊತ್ತುಮಾಡಿಕೊಂಡರು. ಆಫೀಸಿನ ಗೋಡೆಗೆ ಕಾಯಕದ ಬೋರ್ಡು ಹಾಕಿ, ಒಳಗೆ ಬಾಯಿ ಮುಚ್ಚು ಅನ್ನುವವರಿಗೆ ಈ ಕತೆ ಹೇಳಿ.

ಗೋಕಾಕದ ಕಂಪನಿ ಘಟಪ್ರಭೆಯನ್ನು ಹುಟ್ಟಿಸಲಿಲ್ಲ. ನೀರಿಗೆ ಬೀಳುವ ಶಕ್ತಿಯನ್ನು ಕಲಿಸಲಿಲ್ಲ. ಇದ್ದ ಶಕ್ತಿಗೆ ದಾರಿ ಮಾಡಿಕೊಟ್ಟಿತು, ಗಿರಣಿ ತಿರುಗಿತು. ದುಡಿಯುವ ಜನರ ವಿಷಯವೂ ಇಷ್ಟೇ. ಕಾಲುವೆಗೆ ಕಲ್ಲು ತುಂಬಿದವರು ನದಿಯಲ್ಲಿ ನೀರಿಲ್ಲ ಎಂದು ಬೈಯುವುದನ್ನು ನಿಲ್ಲಿಸಲಿ. ಮೊದಲು ಕಲ್ಲು ತೆಗೆಯಲಿ. ತೆಗೆಯದಿದ್ದರೆ ತೆಗೆಸುವುದು ನಿಮ್ಮ ಕೆಲಸ!